ಅಂಕಿತ ಇಲ್ಲದ ಹಾಡು

ಬ್ಲಾಗಿಗೆ ಧೂಳು ಹಿಡಿದು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ರಿಲೀಸು ಮುಗಿದರೆ ಅದರ ಬಗ್ಗುಗಳು... ಹೀಗೇ ದಿನ ಕಳೀತು. ಆದರೆ ಈ ವಿಷಯ ಮಾತ್ರ ತಲೆಯಲ್ಲಿ ಕೂತು ಕೊರೀತಾ ಇತ್ತು. ಇವತ್ತು ಬರೆದು ಮುಗಿಸಿಬಿಡೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಜೊತೆಗಿಟ್ಕೊಳ್ಳಿ :-)

ವಿಷಯ ಇಷ್ಟೇ. ಬೇರೆ ಬೇರೆ ಸೀಮೆಯ, ಬೇರೆ ಬೇರೆ ಭಾಷೆಯ ಹಾಡುಗಾರರನ್ನು ಒಟ್ಟಿಗೆ ಸೇರಿಸಿ ಪಾಪ್ ಆಲ್ಬಮ್ ಮಾಡೋದು ನಮ್ಮ ಉಪಖಂಡದಲ್ಲಿ ಈಗ ದೊಡ್ಡ ಫ್ಯಾಷನ್ನು. ಒಬ್ಬ ಗಿಟಾರಿನವನು, ಒಬ್ಬ ರ‍್ಯಾಪರ್, ಮಧ್ಯದಲ್ಲಿ ಪೇಟ ಸುತ್ತಿದ ಒಬ್ಬರು ಜಾನಪದ ಗಾಯಕರು. ಕೇಳೋಕೆ ಸೊಗಸಾಗಿರತ್ತೆ, ನನಗೂ ಇಷ್ಟ. ಆದರೆ ಆ ಪೇಟದ ಯಜಮಾನರು ಹಾಡಿನಲ್ಲಿ ಪಾಲುದಾರರಾ, ಒಗ್ಗರಣೆಯಾ? ಸಾಸಿವೆ ಚಟಪಟ ಅನ್ನತ್ತೆ, ಮನೆಯೆಲ್ಲಾ ಘಮ ಬರತ್ತೆ, ಆದರೂ ಯಾರೂ ಅದನ್ನ ಸಾಸಿವೆ ಮಾಡಿದ ಸಾರು ಅನ್ನಲ್ಲ. ಪಾಲು ಯಾವುದು, ಒಗ್ಗರಣೆ ಯಾವುದು ಅಂತ ಗುರುತು ಹಿಡಿಯೋದು ಹೇಗೆ ಅನ್ನೋದೇ ಈ ಬರಹ.

ಉದಾಹರಣೆಗೆ ನಾನು ತೊಗೊಂಡಿರೋದು ಕೋಕ್ ಸ್ಟುಡಿಯೋ ಪಾಕಿಸ್ತಾನದ 14ನೇ ಸೀಸನ್ನು. 2022ರಲ್ಲಿ ಬಂತು, ಒಟ್ಟು 13 ಹಾಡು. ಸೀಸನ್ನು ಅಂತ ಕರೆದರೂ ನಮ್ಮ ಲೆಕ್ಕದಲ್ಲಿ ಅದು ಒಂದು ಆಲ್ಬಮ್ಮೇ. ನಿರ್ಮಾಪಕ ಝುಲ್ಫಿ. "ಪಸೂರಿ" ಗೊತ್ತಲ್ಲ, ಆಟೋದಲ್ಲಿ, ಮದುವೆ ಮನೆಯಲ್ಲಿ, ಪಿಜಿಯ ಪಕ್ಕದ ರೂಮಿನಲ್ಲಿ ಎಲ್ಲೆಲ್ಲೂ ಕೇಳ್ತಿತ್ತಲ್ಲ, ಅದು ಇದರದ್ದೇ.

"ಅಲ್ಲಾ ಗುರೂ, ಹೋಗಿ ಹೋಗಿ ಪಾಕಿಸ್ತಾನದ ಹಾಡೇ ಬೇಕಿತ್ತಾ?" ಅಂತ ಕಾಮೆಂಟು ಬರತ್ತೆ ಅಂತ ಗೊತ್ತು. 2025ರ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಆನ್‌ಲೈನ್ ವೇದಿಕೆಗಳಿಗೆ ಪಾಕಿಸ್ತಾನ ಮೂಲದ ಹಾಡು, ಸಿನಿಮಾ, ಸರಣಿಗಳನ್ನು ನಿಲ್ಲಿಸಿ ಅಂತ ಸೂಚನೆ ಕೊಟ್ಟಿದ್ದೂ ಗೊತ್ತು. ಆ ರಾಜಕೀಯದ ಚರ್ಚೆಗೆ ನಾನು ಇಲ್ಲಿ ಇಳಿಯೋದಿಲ್ಲ. ಈ ಉದಾಹರಣೆ ಆರಿಸಿಕೊಂಡಿದ್ದಕ್ಕೆ ಕಾರಣ ಬೇರೆ. ಆ ದೇಶದಲ್ಲಿ ನೂರಕ್ಕೆ ಹತ್ತು ಜನಕ್ಕೂ ಉರ್ದು ಮಾತೃಭಾಷೆ ಅಲ್ಲ. ಹೆಚ್ಚು ಜನರ ತಾಯ್ನುಡಿ ಪಂಜಾಬಿ. ಆದರೂ ರಾಷ್ಟ್ರಭಾಷೆ ಉರ್ದು, ಮಿಕ್ಕ ಪಂಜಾಬಿ, ಸಿಂಧಿ, ಪಶ್ತೋ, ಬಲೂಚಿ ಎಲ್ಲಾ "ಪ್ರಾದೇಶಿಕ". ಈ ಪದ ಕೇಳಿದರೆ ಕನ್ನಡಿಗನಿಗೆ ಏನನ್ನಿಸತ್ತೆ ಅಂತ ನಾನು ಬಿಡಿಸಿ ಹೇಳಬೇಕಾ? ಸಿನಿಮಾ ಪ್ರಶಸ್ತಿಯಿಂದ ಹಿಡಿದು ಆ್ಯಪ್‌ನ ಮೆನುವಿನವರೆಗೆ ನಮ್ಮದೂ ಅದೇ ಡಬ್ಬದಲ್ಲಿ ತಾನೆ ಬೀಳೋದು.

ಇನ್ನೂ ಒಂದು ನೆಂಟಸ್ತಿಕೆ ಇದೆ. ಬಲೂಚಿಸ್ತಾನದಲ್ಲಿ ಬ್ರಾಹುಯಿ ಅಂತ ಒಂದು ಭಾಷೆ. ಅದು ದ್ರಾವಿಡ ಭಾಷೆ, ಅಂದರೆ ಕನ್ನಡದ ದೂರದ ದಾಯಾದಿ. ಅವರಿಗೆ "ನೀ" ಅಂದರೆ ನೀನೇ, "ಬಾ" ಅಂದರೆ ಬಾಯಿ, "ಖನ್" ಅಂದರೆ ಕಣ್ಣು. 2011ರಲ್ಲಿ ಇದೇ ಕೋಕ್ ಸ್ಟುಡಿಯೋದ 4ನೇ ಸೀಸನ್ನಿನಲ್ಲಿ ಕೋಮಲ್ ರಿಜ್ವಿ ಜೊತೆ ಹಾಡಿದ ಅಖ್ತರ್ ಚನಾಲ್ ಝಹ್ರಿ ಇದ್ದಾರಲ್ಲ, ಅವರು ಬಲೂಚಿಯ ಜೊತೆಗೆ ಬ್ರಾಹುಯಿಯಲ್ಲೂ ಹಾಡೋರು. ಸಾವಿರಾರು ಕಿಲೋಮೀಟರು ಆಚೆ ಒಬ್ಬ ಮುದುಕರು ನಮ್ಮ ದಾಯಾದಿ ಭಾಷೆಯಲ್ಲಿ ಹಾಡ್ತಾರೆ ಅಂದರೆ ನನಗಂತೂ ಸಣ್ಣಗೆ ಮೈ ಜುಮ್ ಅನ್ನತ್ತೆ.

ಇರಲಿ, ವಿಷಯಕ್ಕೆ ಬರೋಣ. ಪಾಲು ಯಾವುದು, ಒಗ್ಗರಣೆ ಯಾವುದು ಅಂತ ನೋಡೋಕೆ ನಾನು ಮೂರು ಪ್ರಶ್ನೆ ಕೇಳ್ಕೋತೀನಿ.

ಮೊದಲನೆಯದು, ಮುಖ್ಯ ಸಾಲು ಯಾವ ಭಾಷೆಯಲ್ಲಿದೆ?

ಒಗ್ಗರಣೆ ಹಾಡಿನ ಮಾದರಿ ನಿಮಗೆಲ್ಲಾ ಗೊತ್ತಿರತ್ತೆ. ಪಲ್ಲವಿ "ದೊಡ್ಡ" ಭಾಷೆಯಲ್ಲಿ, ಚರಣ "ದೊಡ್ಡ" ಭಾಷೆಯಲ್ಲಿ, ನಡುವೆ ಇಪ್ಪತ್ತು ಸೆಕೆಂಡು ಜಾನಪದದವರ ಒಂದು ಆಲಾಪ. ಅವರ ಮಾತಿಗೆ ಅರ್ಥ ಇರಬೇಕಿಲ್ಲ, ಧ್ವನಿ ಸಾಕು. 14ನೇ ಸೀಸನ್ನಿನ ಎರಡನೇ ಹಾಡು "ಕನಾ ಯಾರಿ" ಇದನ್ನ ಉಲ್ಟಾ ಮಾಡ್ತು. ಅದು ಬಲೂಚಿ ಹಾಡು. ಕರಾಚಿಯ ಲ್ಯಾರಿ ಅನ್ನೋ ಬಡಾವಣೆಯ ಹುಡುಗ ಕೈಫಿ ಖಲೀಲ್, ಅದೇ ಲ್ಯಾರಿಯ, ನಖಾಬು ಹಾಕ್ಕೊಂಡೇ ರ‍್ಯಾಪ್ ಮಾಡೋ ಇವಾ ಬಿ, ಮತ್ತೆ ಬಲೂಚಿಸ್ತಾನದ ಡಂಬೂರಾ ಗಾಯಕ ಅಬ್ದುಲ್ ವಹಾಬ್ ಬುಗ್ತಿ. ಲ್ಯಾರಿ ಅಂದರೆ ಫುಟ್‌ಬಾಲು, ಬಾಕ್ಸಿಂಗು ಹಾಗೂ ಗ್ಯಾಂಗ್ ಜಗಳಗಳಿಗೆ ಹೆಸರಾದ ಜಾಗ. ಅಲ್ಲಿನ ಭಾಷೆ, ಅಲ್ಲಿನ ಹುಡುಗರು, ಜೊತೆಗೆ ಹಳ್ಳಿಯ ಹಿರಿಯರೊಬ್ಬರು. ಪ್ರೀತಿಯಲ್ಲಿ ಕೈಕೊಟ್ಟವರ ಮೇಲಿನ ದೂರು ಹಾಡಿನ ವಸ್ತು. ಇಡೀ ದೇಶ ಗುನುಗಿದ್ದು ಆ ಬಲೂಚಿ ಪಲ್ಲವಿಯನ್ನೇ. ಅರ್ಥ ಬೇಕಿದ್ದವರು ಸಬ್‌ಟೈಟಲ್ ಓದಿಕೊಂಡರು. ಯಾರೂ ಸತ್ತುಹೋಗಲಿಲ್ಲ :-)

ಹಾಗೇ "ಪಸೂರಿ". ಅಲಿ ಸೇಠಿ ಮತ್ತು ಶೇ ಗಿಲ್ ಹಾಡಿದ್ದು ಪಂಜಾಬಿಯಲ್ಲಿ. ಲಾರಿಯ ಹಿಂದೆ ಬರೆದಿದ್ದ ಒಂದು ಸಾಲು ನೋಡಿ ಹಾಡು ಹೊಳೀತು ಅಂತ ಸೇಠಿ ಹೇಳಿಕೊಂಡಿದಾರೆ. ಲಾರಿ ಹಿಂದಿನ ಸಾಹಿತ್ಯ, ಅದರ ಕೆಳಗೆ ಲ್ಯಾಟಿನ್ ಅಮೆರಿಕದ ರೆಗ್ಗೆಟಾನ್ ತಾಳ! 2022ರ ಮೇ ತಿಂಗಳಲ್ಲಿ ಅದು ಸ್ಪಾಟಿಫೈನ ಜಾಗತಿಕ ವೈರಲ್ ಪಟ್ಟಿಯ ತುದಿಗೇರಿತು. ಮುಂದಿನ ವರ್ಷ ಬಾಲಿವುಡ್ ಅದನ್ನೇ ಎತ್ತಿಕೊಂಡು ಇನ್ನೊಂದು ಸಲ ಮಾಡಿತು, ಅದರ ಗತಿ ಏನಾಯ್ತು ಅಂತ ಕೇಳಿದವರಿಗೆ ಗೊತ್ತು, ಬಿಡಿ.

ಎರಡನೆಯ ಪ್ರಶ್ನೆ, ಯಾರ ಶ್ರುತಿಗೆ ಯಾರು ಹೊಂದಿಕೊಂಡರು?

ಇದು ಸ್ವಲ್ಪ ಟೆಕ್ನಿಕಲ್ಲು, ಆದರೆ ನನಗೆ ಬಹಳ ಮುಖ್ಯ ಅನ್ನಿಸೋದು. ಪಾಪ್ ಹಾಡು ಸ್ಟುಡಿಯೋದಲ್ಲಿ ರೆಕಾರ್ಡ್ ಆಗೋದು ಕ್ಲಿಕ್ ಟ್ರ್ಯಾಕ್ ಮೇಲೆ. ಕಿವಿಯಲ್ಲಿ ಟಿಕ್ ಟಿಕ್ ಅಂತ ಯಂತ್ರ ಹೊಡೀತಾ ಇರತ್ತೆ, ಹಾಡುಗಾರ ಅದಕ್ಕೆ ಸರಿಯಾಗಿ ಹಾಡಬೇಕು. ಕೀಬೋರ್ಡಿನ ಹನ್ನೆರಡು ಮನೆ ಬಿಟ್ಟು ಸ್ವರ ಆಚೆ ಈಚೆ ಜಾರಿದರೆ ಸಾಫ್ಟ್‌ವೇರು ಎಳೆದು ತಂದು ಮನೆಯಲ್ಲಿ ಕೂರಿಸತ್ತೆ. ಜೀವಮಾನವೆಲ್ಲಾ ಏಕತಾರಿ ಹಿಡಿದು ತನ್ನ ಉಸಿರಿನ ಅಳತೆಯಲ್ಲಿ ಹಾಡಿದ ಗಾಯಕನಿಗೆ ಇದು ಹೇಗಿರತ್ತೆ ಯೋಚಿಸಿ. ಅವನ ಹಾಡಿನ ರುಚಿ ಇರೋದೇ ಆ ಜಾರುವಿಕೆಯಲ್ಲಿ, ಆ ತಡೆದು ನಿಲ್ಲೋದರಲ್ಲಿ. ಅದನ್ನ ನೇರ ಮಾಡಿದರೆ ಉಳಿಯೋದು ಪೇಟ ಮಾತ್ರ.

2008ರಲ್ಲಿ ಕೋಕ್ ಸ್ಟುಡಿಯೋ ಪಾಕಿಸ್ತಾನ ಶುರುವಾದಾಗ ಅದನ್ನ ಕಟ್ಟಿದವರು ರೊಹೇಲ್ ಹಯಾತ್. ವೈಟಲ್ ಸೈನ್ಸ್ ಅನ್ನೋ ಪಾಪ್ ಬ್ಯಾಂಡಿನವರು. ಮೂಲ ಐಡಿಯಾ ಬ್ರೆಜಿಲ್‌ನದ್ದು, ಕೋಲಾ ಕಂಪನಿಯದ್ದೇ ಒಂದು ಸಂಗೀತ ಕಾರ್ಯಕ್ರಮ. ರೊಹೇಲ್ ಮಾಡಿದ ಒಳ್ಳೇ ಕೆಲಸ ಅಂದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಟ್ಟಿಗೇ ಹಾಡಿಸಿ, ನುಡಿಸಿ ರೆಕಾರ್ಡ್ ಮಾಡಿದ್ದು. 2009ರಲ್ಲಿ ನೂರಿ ಬ್ಯಾಂಡಿನ ಜೊತೆ ಸಾಯಿ ಝಹೂರ್ ಹಾಡಿದ "ಐಕ್ ಅಲಿಫ್" ಕೇಳಿ. ದರ್ಗಾಗಳಲ್ಲಿ ಹಾಡಿಕೊಂಡು ಬಂದ ಮನುಷ್ಯ, 2006ರಲ್ಲಿ ಬಿಬಿಸಿಯ ವಿಶ್ವ ಸಂಗೀತ ಪ್ರಶಸ್ತಿ ಪಡೆದವರು. ಆ ಹಾಡಿನಲ್ಲಿ ಡ್ರಮ್ಮು, ಗಿಟಾರು ಎಲ್ಲಾ ಇದ್ರೂ ಅವರು ಬಾಯಿ ತೆಗೆದಾಗ ಬ್ಯಾಂಡಿನವರು ಅವರ ಕಡೆ ತಿರುಗಿ ಕಾಯ್ತಾರೆ. ಆ ಕಾಯೋದಿದೆಯಲ್ಲ, ಅದನ್ನ ನಾನು ಪಾಲುದಾರಿಕೆ ಅನ್ನೋದು. 2018ರಲ್ಲಿ ಕೋಕ್ ಸ್ಟುಡಿಯೋದ "ಎಕ್ಸ್‌ಪ್ಲೋರರ್" ಅನ್ನೋ ಸರಣಿಯಲ್ಲಿ ಸ್ಟುಡಿಯೋದವರೇ ಊರೂರಿಗೆ ಹೋದರು. ಚಿತ್ರಾಲದ ಕಲಾಶ್ ಕಣಿವೆಯ ಇಬ್ಬರು ಹುಡುಗಿಯರು, ಆರಿಯಾನಾ ಮತ್ತು ಅಮ್ರೀನಾ, ತಮ್ಮ ಕಲಾಶಾ ಭಾಷೆಯಲ್ಲೇ ಹಾಡಿದರು. ಅದೂ ಒಂದು ದಾರಿ.

ಇಲ್ಲೀವರೆಗೆ ಬರೀ ಹೊಗಳಿದೆ. ಮೂರನೆಯ ಪ್ರಶ್ನೆಗೆ ಬಂದರೆ ನನ್ನ ಉತ್ಸಾಹ ಇಳಿಯತ್ತೆ.

ಹೆಸರು ಯಾರದ್ದು, ದುಡ್ಡು ಯಾರದ್ದು?

2022ರ ಜನವರಿಯಲ್ಲಿ "ಕನಾ ಯಾರಿ" ಬಂತು. ಅದೇ ವರ್ಷ ಆಗಸ್ಟಿನಲ್ಲಿ ಪಾಕಿಸ್ತಾನದಲ್ಲಿ ಭೀಕರ ಪ್ರವಾಹ. 1,700ಕ್ಕೂ ಹೆಚ್ಚು ಜನ ಸತ್ತರು, ಸುಮಾರು 3.3 ಕೋಟಿ ಜನ ತೊಂದರೆಗೆ ಸಿಕ್ಕರು. ಬಲೂಚಿಸ್ತಾನದಲ್ಲಿದ್ದ ವಹಾಬ್ ಬುಗ್ತಿಯವರ ಮನೆಯೂ ಹೋಯ್ತು. ಮನೆ ಕಳಕೊಂಡು ಮಕ್ಕಳ ಜೊತೆ ಇದ್ದ ಅವರ ಫೋಟೋ ಸಾಮಾಜಿಕ ಜಾಲತಾಣಗಳಲ್ಲಿ ಓಡಾಡಿದ ಮೇಲೆ ಜನ ಸಹಾಯಕ್ಕೆ ಮುಂದಾದರು. ಕೋಟಿಗಟ್ಟಲೆ ಸಲ ಕೇಳಿದ ಹಾಡಿನ ಮೂರರಲ್ಲಿ ಒಂದು ಧ್ವನಿ ಅವರದ್ದು. ಏಳು ತಿಂಗಳಲ್ಲಿ ಅವರಿಗೆ ದಾನ ಎತ್ತಬೇಕಾಗಿ ಬಂತು.

ಪ್ರವಾಹಕ್ಕೆ ಹಾಡು ಮಾಡಿದವರು ಹೊಣೆ ಅಂತ ನಾನು ಹೇಳ್ತಿಲ್ಲ. ಅವರ ಒಪ್ಪಂದದಲ್ಲಿ ಏನಿತ್ತು ಅಂತ ಊಹೆ ಮಾಡೋಕೂ ಹೋಗಲ್ಲ. ಆದರೆ ಖ್ಯಾತಿ ಬೇರೆ, ಬದುಕು ಬೇರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? "ಅವಕಾಶ ಸಿಕ್ತಲ್ಲ, ಅದೇ ದೊಡ್ಡದು" ಅನ್ನೋ ಮಾತನ್ನ ಕೇಳಿದಾಗೆಲ್ಲಾ ನನಗೆ ಈ ಘಟನೆ ನೆನಪಾಗತ್ತೆ. ಅವಕಾಶ ಅನ್ನೋದು ಸಂಬಳ ಅಲ್ಲ ಕಣ್ರೀ. ನಮ್ಮ ಕಂಪನಿಯವರು ತಿಂಗಳ ಕೊನೆಗೆ ಸಂಬಳದ ಬದಲು "ಒಳ್ಳೇ ಎಕ್ಸ್‌ಪೋಷರ್ ಸಿಕ್ತಲ್ಲ" ಅಂದರೆ ಸುಮ್ಮನಿರ್ತೀವಾ?

ನಮ್ಮ ಪಕ್ಕದ ಮನೆಯ ಕಥೆ ಇನ್ನೂ ಸ್ಪಷ್ಟವಾಗಿದೆ. 2021ರ ಮಾರ್ಚಿನಲ್ಲಿ ತಮಿಳಿನ "ಎಂಜಾಯ್ ಎಂಜಾಮಿ" ಬಂತು. ಧೀ ಮತ್ತು ಅರಿವು ಹಾಡಿದ್ದು, ಸಂತೋಷ್ ನಾರಾಯಣನ್ ನಿರ್ಮಾಣ. ಭೂಮಿ ಇಲ್ಲದ ದುಡಿಯೋ ಜನರ ಹಾಡು, ಅರಿವು ಅವರ ಅಜ್ಜಿಯ ಬದುಕಿನಿಂದ ಬಂದದ್ದು. ಕೆಲವೇ ತಿಂಗಳಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ದೊಡ್ಡ ಗಲಾಟೆ ಆಯ್ತು. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಇತ್ತು, ಅರಿವು ಇರಲಿಲ್ಲ. ಬರೆದದ್ದು, ರಾಗ ಕಟ್ಟಿದ್ದು, ಹಾಡಿದ್ದು ನಾನು ಅಂತ ಅರಿವು ಹೇಳಿದರು. ಇಲ್ಲ, ಮೂವರದ್ದೂ ಸಮಪಾಲು, ಅರಿವುಗೆ ಎಲ್ಲೂ ಹೆಸರು ತಪ್ಪಿಸಿಲ್ಲ ಅಂತ ಮಿಕ್ಕಿಬ್ಬರು ಹೇಳಿದರು. 2024ರಲ್ಲಿ ಸಂತೋಷ್ ನಾರಾಯಣನ್ ಅವರೇ ವಿಡಿಯೋ ಮಾಡಿ, ಆ ಹಾಡಿನಿಂದ ತಮ್ಮ ಮೂವರಿಗೂ ಒಂದು ಪೈಸೆ ಬಂದಿಲ್ಲ ಅಂದರು! ಭೂಮಿ ಉತ್ತವನಿಗೆ ಬೆಳೆ ಸಿಗಲಿಲ್ಲ ಅನ್ನೋ ಹಾಡು, ಅದನ್ನ ಮಾಡಿದವರಿಗೂ ಬೆಳೆ ಸಿಗಲಿಲ್ಲ.

ಈಗ ನಮ್ಮ ಕೆಲಸದ ಭಾಷೆಯಲ್ಲಿ ಒಂದು ಮಾತು. ಓಪನ್ ಸೋರ್ಸ್ ಅಂದರೆ ಪುಕ್ಕಟೆ ಕೋಡು, ಯಾರು ಬೇಕಾದರೂ ಬಳಸಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ಅದರಲ್ಲೂ ಬಹಳ ಸಡಿಲವಾದ ಎಂಐಟಿ ಲೈಸೆನ್ಸಿನಲ್ಲೂ ಒಂದು ಷರತ್ತಿದೆ. ಬರೆದವರ ಹೆಸರಿರೋ ಸೂಚನೆಯನ್ನ ತೆಗೆಯೋ ಹಾಗಿಲ್ಲ. ಕೋಡು ತೊಗೋ, ಬದಲಾಯಿಸು, ಮಾರು, ಕೋಟಿ ದುಡಿ... ಹೆಸರು ಮಾತ್ರ ಅಳಿಸಬೇಡ. ಸೋಮವಾರ ಬೆಳಿಗ್ಗೆ ಬರೆದ ನಾಲ್ಕು ಸಾಲು ಕೋಡಿಗೆ ಇರೋ ಈ ಮರ್ಯಾದೆ, ನಾಲ್ಕು ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಇಲ್ಲ. ಅಲ್ಲಿ ಕ್ರೆಡಿಟ್ಟಿನ ಜಾಗದಲ್ಲಿ ಒಂದೇ ಪದ, "ಸಾಂಪ್ರದಾಯಿಕ". ಮುಗೀತು.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಪ್ರತಿ ರೆಕಾರ್ಡಿಂಗಿಗೂ ಹನ್ನೆರಡು ಅಕ್ಷರ-ಅಂಕಿಗಳ ಒಂದು ಅಂತಾರಾಷ್ಟ್ರೀಯ ಕೋಡು ಇರತ್ತೆ. ಅದರ ಜೊತೆ ಹಾಡಿದವರು, ಬರೆದವರು, ರಾಗ ಹಾಕಿದವರು ಅಂತ ಮಾಹಿತಿ ತುಂಬಬೇಕು. ತುಂಬೋರು ಹಾಡು ಬಿಡುಗಡೆ ಮಾಡೋ ಕಂಪನಿಯವರು. ಆ ಕಾಲಂ ಖಾಲಿ ಇದ್ದರೆ ದುಡ್ಡಿಗೆ ಹೋಗೋಕೆ ವಿಳಾಸವೇ ಇಲ್ಲ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆದಾಗ ಹಾಡುಗಾರರಿಗೂ ವಾಣಿಜ್ಯ ಬಳಕೆಗೆ ರಾಯಧನದ ಹಕ್ಕು ಸಿಕ್ಕಿತು. ಕಾನೂನು ಇದೆ. ಆದರೆ ಡೇಟಾಬೇಸಿನಲ್ಲಿ ಹೆಸರೇ ಇಲ್ಲದವರಿಗೆ ಯಾವ ಕಾನೂನು ಏನು ಮಾಡತ್ತೆ? ಅದೂ ಅಲ್ಲದೆ, ಮೂಲ ಹಾಡಿಗೆ ಮಾಲೀಕರಿಲ್ಲ ಅಂದಾಗ ಅದಕ್ಕೆ ಗಿಟಾರು ಸೇರಿಸಿದವರ ಹೊಸ ರೂಪಕ್ಕೆ ಮಾಲೀಕರು ಹುಟ್ಟಿಕೊಳ್ತಾರೆ. ಕಲಿಸಿದವನಿಗೆ ಏನೂ ಇಲ್ಲ, ಕಲಿತವನಿಗೆ ಎಲ್ಲಾ.

"ಜಾನಪದ ಎಲ್ಲರದ್ದೂ ಅಲ್ವಾ, ಯಾರ ಹೆಸರು ಅಂತ ಹಾಕೋದು?" ಅನ್ನೋದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ನಮ್ಮಲ್ಲೇ ಇದೆ ಅನ್ನಿಸತ್ತೆ. ವಚನಕಾರರು, ದಾಸರು ತಮ್ಮ ಕೃತಿಯ ಒಳಗೇ ಅಂಕಿತ ಇಟ್ಟರು. ಕೂಡಲಸಂಗಮದೇವ ಅಂದರೆ ಬಸವಣ್ಣ, ಪುರಂದರವಿಠಲ ಅಂದರೆ ಪುರಂದರದಾಸರು. ಅಂಕಿತ ದೇವರದ್ದು, ಗುರುತು ಮಾತ್ರ ಬರೆದವರದ್ದು. ಎಂಥಾ ಚಂದದ ವ್ಯವಸ್ಥೆ! ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಸಿ. ಅಶ್ವಥ್ ಅವರ ಹಾಡುಗಳನ್ನ ಮನೆ ಮನೆಗೆ ಮುಟ್ಟಿಸಿದರು, 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರು ಹಿಡಿದು ಹಾಡಿದರು. ರಾಗ ಬದಲಾಯ್ತು, ವಾದ್ಯ ಬದಲಾಯ್ತು, ಕೇಳೋರು ಬದಲಾದರು. ಷರೀಫರ ಹೆಸರು ಎಲ್ಲಿಗೂ ಹೋಗಲಿಲ್ಲ, ಯಾಕಂದ್ರೆ "ಶಿಶುನಾಳಧೀಶ" ಹಾಡಿನೊಳಗೇ ಕೂತಿದಾನೆ. ಅವನನ್ನ ತೆಗೆದರೆ ಪ್ರಾಸವೇ ಕೆಡತ್ತೆ.

ಆದರೆ ಅಂಕಿತ ಇಲ್ಲದ ಹಾಡುಗಳ ಪಾಡೇನು? ಮಾದಪ್ಪನ ಹಾಡು ಹೇಳೋ ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯ ಹಾಡೋ ನೀಲಗಾರರು, ಚೌಡಿಕೆಯವರು, ಗದ್ದೆಯಲ್ಲಿ ಪಾಡ್ದನ ಹೇಳೋ ತುಳುನಾಡಿನ ಹೆಂಗಸರು... ಇವರು ರಾತ್ರಿಯಿಡೀ ಹಾಡೋ ಕಥೆಗಳನ್ನ ನೆನಪಿನಲ್ಲಿ ಇಟ್ಟುಕೊಂಡವರು. "ಸೋಜುಗಾದ ಸೂಜುಮಲ್ಲಿಗೆ" ಇವತ್ತು ಯಾರಿಗೆ ಗೊತ್ತಿಲ್ಲ? ಅನನ್ಯ ಭಟ್ ಹಾಡಿ ದೇಶವೆಲ್ಲಾ ಕೇಳಿತು, 2021ರ "ಗರುಡ ಗಮನ ವೃಷಭ ವಾಹನ" ಸಿನಿಮಾಗೆ ಚೈತ್ರಾ ಆಚಾರ್ ಹಾಡಿದರು. ಇಬ್ಬರೂ ಚೆನ್ನಾಗೇ ಹಾಡಿದಾರೆ, ಅವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಹಾಡನ್ನ ಇಷ್ಟು ಕಾಲ ಬಾಯಲ್ಲಿ ಕಾಪಾಡಿಕೊಂಡು ಬಂದ ಮಾದೇಶ್ವರನ ಒಕ್ಕಲಿನ ಹಾಡುಗಾರರಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ?

2022ರಲ್ಲಿ ಬಾಂಗ್ಲಾದೇಶಕ್ಕೆ ಕೋಕ್ ಸ್ಟುಡಿಯೋ ಬಂತು, ಅವರ ಮೊದಲ ಹಾಡಿನಲ್ಲೇ ಹಾಜೊಂಗ್ ಅನ್ನೋ ಸಣ್ಣ ಸಮುದಾಯದ ಭಾಷೆ ಇತ್ತು, ಅನಿಮೇಶ್ ರಾಯ್ ಹಾಡಿದರು. 2023ರಲ್ಲಿ ತಮಿಳಿಗೂ ಬಂತು. ನಮಗೆ ಯಾವಾಗ ಅಂತ ಗೆಳೆಯರು ಕೇಳ್ತಾನೇ ಇರ್ತಾರೆ. ಬರಲಿ, ಖಂಡಿತ ಬರಲಿ. ಕೋಲಾ ಕಂಪನಿಯೇ ಯಾಕೆ, ನಾವೇ ಹತ್ತು ಜನ ದುಡ್ಡು ಹಾಕಿ ಮಾಡಿದರೂ ಆಗತ್ತೆ. ಬಡಗಣದ ತತ್ವಪದ, ಕಾರವಾರ ಸೀಮೆಯ ಸಿದ್ದಿಗಳ ಡಮಾಮಿ, ಕೊಡವ, ತುಳು, ಕೊಂಕಣಿ, ಬ್ಯಾರಿ... ಇಷ್ಟೆಲ್ಲಾ ಇಟ್ಟುಕೊಂಡು ಹಸಿದು ಕೂತಿರೋರು ನಾವು. ಅಲ್ಲಿ ಬೆಂಗಳೂರಿನ ಕನ್ನಡ "ದೊಡ್ಡ" ಭಾಷೆಯಾಗಿ ಕೂತು ತುಳುವನ್ನೋ ಕೊಡವವನ್ನೋ ಒಗ್ಗರಣೆ ಮಾಡಿಕೊಳ್ಳೋ ಅಪಾಯವೂ ಇದೆ ಅನ್ನೋದು ಮರೀಬಾರದು. ಹಿಂದಿಯವರು ನಮಗೆ ಮಾಡ್ತಾರೆ ಅಂತ ಕೂಗೋ ನಾವು ಅದನ್ನೇ ಇನ್ನೊಬ್ಬರಿಗೆ ಮಾಡಿದರೆ ಹೇಗೆ?

ಹಾಗಾಗಿ ಅಂಥ ಆಲ್ಬಮ್ ಮಾಡೋರಿಗೆ ನನ್ನ ಬೇಡಿಕೆ ಬಹಳ ಚಿಕ್ಕದು.

1. ಹಾಡಿದವರ ಹೆಸರು ಎಲ್ಲರದ್ದೂ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ. "ಮತ್ತು ತಂಡ" ಅನ್ನೋ ಪದ ನಿಷೇಧ.

2. "ಸಾಂಪ್ರದಾಯಿಕ" ಅಂತ ಬರೆದು ಕೈತೊಳಕೊಳ್ಳದೆ, "ಇಂಥ ಊರಿನ ಇಂಥವರಿಂದ ಕಲಿತದ್ದು" ಅಂತ ಒಂದು ಸಾಲು ಬರೀಲಿ.

3. ರೆಕಾರ್ಡಿಂಗ್ ದಿನದ ಸಂಭಾವನೆ ಕೊಟ್ಟು ಕಳಿಸೋದಷ್ಟೇ ಅಲ್ಲ, ಹಾಡು ದುಡಿಯೋವರೆಗೂ ಅವರಿಗೂ ಪಾಲು ಇರಲಿ. ಒಪ್ಪಂದ ಕನ್ನಡದಲ್ಲಿ ಇರಲಿ, ಸಹಿ ಹಾಕೋ ಮೊದಲು ಯಾರಾದರೂ ಓದಿ ಹೇಳಲಿ.

ಮೂರರಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಡ. ಎರಡಕ್ಕೆ ಒಂದು ಎಕ್ಸೆಲ್ ಶೀಟು, ಮೂರನೆಯದಕ್ಕೆ ಒಂದು ಒಳ್ಳೇ ಮನಸ್ಸು ಸಾಕು.

ಕೇಳೋರಾದ ನಮ್ಮ ಕೆಲಸವೂ ಒಂದಿದೆ. ಬ್ಲಾಗಿನಲ್ಲಿ ಒಂದು ಹಾಡಿನ ಬಗ್ಗೆ ಬರೆಯುವಾಗ, ಗೆಳೆಯರಿಗೆ ಲಿಂಕು ಕಳಿಸುವಾಗ ಪೇಟದ ಯಜಮಾನರ ಹೆಸರನ್ನೂ ಹುಡುಕಿ ಬರೆಯೋಣ. ಐದು ನಿಮಿಷದ ಕೆಲಸ. ಅವರ ಹಾಡಿಗೆ ಅಂಕಿತ ಇಲ್ಲದಿದ್ದರೆ ನಾವೇ ಹಾಕೋಣ.

ನಿಮ್ಮ ಊರ ಕಡೆ ಇಂಥ ಹಾಡುಗಾರರು ಇದ್ದರೆ, ಅವರ ಹಾಡನ್ನ ಯಾರಾದರೂ ರೆಕಾರ್ಡ್ ಮಾಡಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಅವರ ಹೆಸರು ಹಾಕೋಕೆ ಅವರ ಒಪ್ಪಿಗೆ ಕೇಳಿಕೊಂಡು ಬರೆಯಿರಿ. ನಾಲ್ಕು ಜನ ಸೇರಿ ಒಂದು ಪಟ್ಟಿ ಮಾಡಬಹುದು. ಮೇಲಿನ ಮಾತಿಗೆ ತಕರಾರಿದ್ದರೂ ಬರೀರಿ, ಜಗಳ ಆಡೋಣ :-)